ಸಂಚಾರಿ ಚಿತ್ರಮಂದಿರಗಳು: ಹಿನ್ನೆಲೆ ಮತ್ತು ಪರವಾನಗಿ

ಊರಿನಿಂದ ಊರಿಗೆ ಸಾಗಿ, ಬಯಲಿನಲ್ಲಿ ಡೇರೆ ಹಾಕಿ ಚಿತ್ರ ತೋರಿಸುತ್ತಿದ್ದ ಸಂಚಾರಿ ಚಿತ್ರಮಂದಿರಗಳು ಟೂರಿಂಗ್ ಟಾಕೀಸ್ ಎಂದೇ ಪರಿಚಿತವಾಗಿದ್ದವು. ಅಂದಿನ ನೈಟ್ರೇಟ್ ಫಿಲ್ಮ್ ಬೇಗನೆ ಹೊತ್ತಿಕೊಳ್ಳುತ್ತಿತ್ತು. ಪ್ರೇಕ್ಷಕರ ಸುರಕ್ಷತೆಯ ದೃಷ್ಟಿಯಿಂದ 1918ರ ಸಿನಿಮಾಟೋಗ್ರಾಫ್ ಅಧಿನಿಯಮವು ಪ್ರದರ್ಶನ ಸ್ಥಳಕ್ಕೆ ಪರವಾನಗಿಯನ್ನು ಕಡ್ಡಾಯಗೊಳಿಸಿತು.

ಶಿರಸಿ, ಸಿದ್ದಾಪುರ ಮತ್ತು ಯಲ್ಲಾಪುರ ತಾಲ್ಲೂಕುಗಳು 1956ರ ನವೆಂಬರ್ 1ರಂದು ಮುಂಬಯಿ ರಾಜ್ಯದಿಂದ ಮೈಸೂರು ರಾಜ್ಯಕ್ಕೆ ಸೇರಿದವು. 1964ರಲ್ಲಿ ಇಡೀ ರಾಜ್ಯಕ್ಕೆ ಅನ್ವಯಿಸುವ ಸಿನಿಮಾ ನಿಯಂತ್ರಣ ಅಧಿನಿಯಮ ರೂಪುಗೊಂಡಿತು.

ದೂರದರ್ಶನ ಮತ್ತು ವಿಡಿಯೊ ಹರಡಿದಂತೆ, 1980ರ ದಶಕದ ನಂತರ ಡೇರೆಗಳು ವಿರಳವಾದವು. ಆದಾಗ್ಯೂ ನೆರೆದ ಜನರ ಜೀವರಕ್ಷಣೆಯ ಹೊಣೆ ಕಡಿಮೆಯಾಗಿಲ್ಲ. ಆದ್ದರಿಂದ ಜಾತ್ರೆಯಲ್ಲಾಗಲಿ, ಬಯಲಿನಲ್ಲಾಗಲಿ ಸಾರ್ವಜನಿಕ ಚಿತ್ರಪ್ರದರ್ಶನ ಏರ್ಪಡಿಸುವವರು, ಸರ್ಕಾರ ವಿನಾಯಿತಿ ನೀಡಿದ ಹೊರತು, ಜಿಲ್ಲಾ ದಂಡಾಧಿಕಾರಿಗಳಿಂದ ಮುಂಚಿತವಾಗಿ ಪರವಾನಗಿ ಪಡೆಯತಕ್ಕದ್ದು.