ಅಂಡಮಾನ್ ಮತ್ತು ನಿಕೋಬಾರ್ ದ್ವೀಪಗಳಿಗೆ ಪ್ರವಾಸ: ಅನುಮತಿ, ನಿಷೇಧಿತ ಪ್ರದೇಶಗಳು ಹಾಗೂ ಪೂರ್ವಸಿದ್ಧತೆ

(ಸಾರ್ವಜನಿಕರ ಮಾಹಿತಿಗಾಗಿ)

1. ಪೀಠಿಕೆ

ಅಂಡಮಾನ್ ಮತ್ತು ನಿಕೋಬಾರ್ ದ್ವೀಪಗಳಿಗೆ ಪ್ರವಾಸ ಕೈಗೊಳ್ಳಲು ಇಚ್ಛಿಸುವ ನಾಗರಿಕರು ಸಾಮಾನ್ಯವಾಗಿ ಎರಡು ವಿಷಯಗಳನ್ನು ತಿಳಿಯಬಯಸುತ್ತಾರೆ. ಮೊದಲನೆಯದು, ಅಲ್ಲಿಗೆ ಹೋಗಲು ಅನುಮತಿ ಅಗತ್ಯವೇ ಎಂಬುದು. ಎರಡನೆಯದು, ಅಲ್ಲಿನ ಮೂಲನಿವಾಸಿಗಳನ್ನು ನೋಡಲು ಸಾಧ್ಯವೇ ಎಂಬುದು. ಮೊದಲನೆಯ ಪ್ರಶ್ನೆಗೆ ಉತ್ತರವು ದ್ವೀಪದಿಂದ ದ್ವೀಪಕ್ಕೆ ಬೇರೆಯಾಗುತ್ತದೆ. ಎರಡನೆಯ ಪ್ರಶ್ನೆಗೆ ಉತ್ತರ ಒಂದೇ: ಸಂರಕ್ಷಿತ ಸಮುದಾಯಗಳನ್ನು ನೋಡುವ ಉದ್ದೇಶದಿಂದ ಯಾರೂ ಪ್ರವಾಸ ಯೋಜಿಸತಕ್ಕದ್ದಲ್ಲ. ಇದಕ್ಕೆ ಕಾರಣಗಳನ್ನೂ, ಪ್ರವಾಸಕ್ಕೆ ಬೇಕಾದ ಇತರ ವಿವರಗಳನ್ನೂ ಈ ಪುಟದಲ್ಲಿ ನೀಡಲಾಗಿದೆ.

2. ದ್ವೀಪಗಳ ಸಂಕ್ಷಿಪ್ತ ಪರಿಚಯ

ಬಂಗಾಳ ಕೊಲ್ಲಿಯ ಆಗ್ನೇಯ ಭಾಗದಲ್ಲಿ ಉತ್ತರದಿಂದ ದಕ್ಷಿಣಕ್ಕೆ 700 ಕಿ.ಮೀ.ಗೂ ಹೆಚ್ಚು ದೂರ ಹಬ್ಬಿರುವ ಈ ದ್ವೀಪಸಮೂಹವು ಕೇಂದ್ರಾಡಳಿತ ಪ್ರದೇಶವಾಗಿದೆ. ಇದರ ಒಟ್ಟು ವಿಸ್ತೀರ್ಣ 8,249 ಚದರ ಕಿ.ಮೀ. ಸಣ್ಣ ನಡುಗಡ್ಡೆ ಮತ್ತು ಬಂಡೆಗಳೂ ಸೇರಿ 836 ದ್ವೀಪಗಳಿದ್ದು, ಅವುಗಳಲ್ಲಿ ಜನವಸತಿ ಇರುವುದು ಕೆಲವೇ ಕೆಲವು ದ್ವೀಪಗಳಲ್ಲಿ ಮಾತ್ರ. ಭೂಭಾಗದ ಶೇಕಡಾ 80ಕ್ಕೂ ಹೆಚ್ಚು ಅರಣ್ಯದಿಂದ ಕೂಡಿದೆ. ಉತ್ತರದ ಅಂಡಮಾನ್ ಗುಂಪನ್ನೂ ದಕ್ಷಿಣದ ನಿಕೋಬಾರ್ ಗುಂಪನ್ನೂ ಹತ್ತು ಡಿಗ್ರಿ ಕಾಲುವೆ ಎಂಬ ಸಮುದ್ರಭಾಗವು ಬೇರ್ಪಡಿಸುತ್ತದೆ. 2011ರ ಜನಗಣತಿಯಂತೆ ಇಲ್ಲಿನ ಜನಸಂಖ್ಯೆ 3,80,581.

ರಾಜಧಾನಿ ಪೋರ್ಟ್ ಬ್ಲೇರ್ ನಗರಕ್ಕೆ 2024ರ ಸೆಪ್ಟೆಂಬರ್‌ನಲ್ಲಿ ಶ್ರೀ ವಿಜಯ ಪುರಂ ಎಂದು ಮರುನಾಮಕರಣ ಮಾಡಲಾಗಿದೆ. ಇದಕ್ಕೂ ಮುನ್ನ, 2018ರ ಡಿಸೆಂಬರ್ 30ರಂದು ಹ್ಯಾವ್‌ಲಾಕ್ ದ್ವೀಪಕ್ಕೆ ಸ್ವರಾಜ್ ದ್ವೀಪ, ನೀಲ್ ದ್ವೀಪಕ್ಕೆ ಶಹೀದ್ ದ್ವೀಪ ಮತ್ತು ರಾಸ್ ದ್ವೀಪಕ್ಕೆ ನೇತಾಜಿ ಸುಭಾಷ್ ಚಂದ್ರ ಬೋಸ್ ದ್ವೀಪ ಎಂದು ಹೆಸರಿಡಲಾಯಿತು. ಹಳೆಯ ನಕ್ಷೆ ಮತ್ತು ಪುಸ್ತಕಗಳಲ್ಲಿ ಹಿಂದಿನ ಹೆಸರುಗಳೇ ಇರುವುದರಿಂದ ಎರಡನ್ನೂ ತಿಳಿದಿರುವುದು ಅನುಕೂಲ.

3. ಮೂಲನಿವಾಸಿ ಸಮುದಾಯಗಳು

ಅಂಡಮಾನ್ ಗುಂಪಿನಲ್ಲಿ ಗ್ರೇಟ್ ಅಂಡಮಾನಿ, ಓಂಗೆ, ಜಾರವಾ ಮತ್ತು ಸೆಂಟಿನಲಿ ಎಂಬ ನಾಲ್ಕು ಸಮುದಾಯಗಳೂ, ನಿಕೋಬಾರ್ ಗುಂಪಿನಲ್ಲಿ ನಿಕೋಬಾರಿ ಮತ್ತು ಶೋಂಪೆನ್ ಎಂಬ ಎರಡು ಸಮುದಾಯಗಳೂ ಇವೆ. 2011ರ ಜನಗಣತಿಯಂತೆ ಅವರ ಸಂಖ್ಯೆ ಹೀಗಿದೆ:

ಗ್ರೇಟ್ ಅಂಡಮಾನಿ – 44
ಓಂಗೆ – 101
ಜಾರವಾ – 380
ಸೆಂಟಿನಲಿ – 15 (ದೂರದಿಂದ ಕಂಡವರ ಎಣಿಕೆ ಮಾತ್ರ)
ಶೋಂಪೆನ್ – 229
ನಿಕೋಬಾರಿ – 27,168

ನಿಕೋಬಾರಿಗಳನ್ನು ಹೊರತುಪಡಿಸಿ ಉಳಿದ ಐದು ಸಮುದಾಯಗಳನ್ನು ವಿಶೇಷವಾಗಿ ದುರ್ಬಲ ಬುಡಕಟ್ಟು ಗುಂಪುಗಳೆಂದು ಗುರುತಿಸಲಾಗಿದೆ. ಈ ಐದೂ ಸಮುದಾಯಗಳ ಒಟ್ಟು ಸಂಖ್ಯೆ 769. ನಮ್ಮ ನಾಡಿನ ಒಂದು ಸಾಧಾರಣ ಗ್ರಾಮದ ಜನಸಂಖ್ಯೆಯೂ ಇದಕ್ಕಿಂತ ಹೆಚ್ಚಿರುತ್ತದೆ ಎಂಬುದನ್ನು ಓದುಗರು ಗಮನಿಸಬೇಕು.

ನಿಕೋಬಾರಿಗಳು ತೆಂಗು ಬೆಳೆಯುವವರು, ಹಂದಿ ಸಾಕುವವರು ಹಾಗೂ ದೋಣಿ ನಡೆಸುವುದರಲ್ಲಿ ನಿಪುಣರು. ‘ತುಹೆತ್’ ಎಂಬ ಅವಿಭಕ್ತ ಕುಟುಂಬ ಪದ್ಧತಿಯಲ್ಲಿ ಭೂಮಿ ಮತ್ತು ತೋಟಗಳನ್ನು ಒಟ್ಟಾಗಿ ಅನುಭವಿಸುತ್ತಾರೆ. ಶಿಕ್ಷಣ ಮತ್ತು ಸರ್ಕಾರಿ ಸೇವೆಯಲ್ಲಿಯೂ ಇವರು ಇದ್ದಾರೆ. ಆದರೂ ಇವರ ನೆಲಕ್ಕೂ ಅದೇ ಕಾನೂನಿನ ರಕ್ಷಣೆ ಇದೆ.

4. ನಿರ್ಬಂಧಗಳ ಹಿನ್ನೆಲೆ

ಅಂಡಮಾನ್ ಮತ್ತು ನಿಕೋಬಾರ್ ದ್ವೀಪಗಳ (ಮೂಲನಿವಾಸಿ ಬುಡಕಟ್ಟುಗಳ ರಕ್ಷಣೆ) ವಿನಿಯಮ, 1956ರ ಅನ್ವಯ ಕೆಲವು ಪ್ರದೇಶಗಳನ್ನು ಬುಡಕಟ್ಟು ಮೀಸಲು ಪ್ರದೇಶಗಳೆಂದು ಘೋಷಿಸಲಾಗಿದೆ. 2012ರ ತಿದ್ದುಪಡಿಯ ಮೂಲಕ ಶಿಕ್ಷೆಯನ್ನು ಇನ್ನಷ್ಟು ಕಠಿಣಗೊಳಿಸಲಾಗಿದ್ದು, ಅನುಮತಿಯಿಲ್ಲದ ಪ್ರವೇಶಕ್ಕೆ ಕಾರಾಗೃಹವಾಸ ಮತ್ತು ದಂಡ ವಿಧಿಸಲು ಅವಕಾಶವಿದೆ.

ಈ ಕಾನೂನು ಏಕೆ ಅಗತ್ಯವಾಯಿತು ಎಂಬುದಕ್ಕೆ ಗ್ರೇಟ್ ಅಂಡಮಾನಿಗಳ ಇತಿಹಾಸವೇ ಸಾಕ್ಷಿ. 1858ರಲ್ಲಿ ಬ್ರಿಟಿಷರು ಪೋರ್ಟ್ ಬ್ಲೇರ್‌ನಲ್ಲಿ ಕೈದಿಗಳ ವಸಾಹತನ್ನು ಸ್ಥಾಪಿಸಿದಾಗ ಇವರ ಸಂಖ್ಯೆ ಸುಮಾರು 5,000 ಇತ್ತೆಂದು ಅಂದಾಜಿಸಲಾಗಿದೆ. ಹೊರಗಿನವರಿಂದ ಬಂದ ದಡಾರ, ಸಿಫಿಲಿಸ್ ಮೊದಲಾದ ರೋಗಗಳನ್ನು ತಡೆಯುವ ಶಕ್ತಿ ಇವರ ದೇಹಗಳಿಗೆ ಇರಲಿಲ್ಲ. 1901ರ ಜನಗಣತಿಯಲ್ಲಿ 625 ಮಂದಿ ಉಳಿದಿದ್ದರು. 1961ರಲ್ಲಿ 19 ಮಂದಿ. ಜನರೊಂದಿಗೆ ಭಾಷೆಗಳೂ ಅಳಿದವು. ‘ಬೊ’ ಭಾಷೆಯನ್ನಾಡುತ್ತಿದ್ದ ಕೊನೆಯ ವ್ಯಕ್ತಿ ಬೋವಾ ಸೀನಿಯರ್ ಅವರು 2010ರ ಜನವರಿಯಲ್ಲಿ ನಿಧನರಾದರು. ಅವರೊಂದಿಗೆ ಆ ಭಾಷೆಯನ್ನು ಮಾತನಾಡುವವರ ಸಾಲು ಮುಗಿಯಿತು.

ಜಾರವಾ ಸಮುದಾಯವು 1990ರ ದಶಕದ ಕೊನೆಯವರೆಗೂ ಹೊರಗಿನವರನ್ನು ದೂರವೇ ಇಟ್ಟಿತ್ತು. ಅವರು ಕಾಡಿನಿಂದ ಹೊರಬಂದು ಜನವಸತಿಗಳ ಸಂಪರ್ಕಕ್ಕೆ ಬಂದ ಸ್ವಲ್ಪ ಕಾಲದಲ್ಲಿಯೇ, 1999ರಲ್ಲಿ, ಅವರಲ್ಲಿ ದಡಾರ ಕಾಣಿಸಿಕೊಂಡಿತು. ಪ್ರವಾಸಿಗನಿಗೆ ಎರಡು ದಿನದ ನೆಗಡಿಯಾಗಿ ಕಳೆದುಹೋಗುವ ಸೋಂಕು 380 ಜನರ ಸಮುದಾಯಕ್ಕೆ ಅಳಿವು ಉಳಿವಿನ ಪ್ರಶ್ನೆಯಾಗಬಲ್ಲದು. ಆದುದರಿಂದ ಅನುಮತಿ ನಿರಾಕರಣೆಯನ್ನು ಕಚೇರಿಯ ವಿಳಂಬವೆಂದು ಭಾವಿಸದೆ, ಅದರ ಉದ್ದೇಶವನ್ನು ಅರಿಯುವುದು ಸೂಕ್ತ.

5. ಅನುಮತಿಯ ವಿವರ

(ಅ) ಭಾರತೀಯ ನಾಗರಿಕರು: ಅಂಡಮಾನ್ ಗುಂಪಿನ ಮೀಸಲಲ್ಲದ ಪ್ರದೇಶಗಳಿಗೆ ಭೇಟಿ ನೀಡಲು ಪ್ರತ್ಯೇಕ ಅನುಮತಿ ಅಗತ್ಯವಿಲ್ಲ. ಭಾವಚಿತ್ರವಿರುವ ಮೂಲ ಗುರುತಿನ ಚೀಟಿ ಮತ್ತು ಅದರ ಕೆಲವು ನಕಲು ಪ್ರತಿಗಳನ್ನು ಜೊತೆಯಲ್ಲಿರಿಸಿಕೊಳ್ಳತಕ್ಕದ್ದು.

(ಆ) ನಿಕೋಬಾರ್ ದ್ವೀಪಗಳು ಮತ್ತು ಇತರ ಬುಡಕಟ್ಟು ಪ್ರದೇಶಗಳು: ಭಾರತೀಯ ನಾಗರಿಕರಿಗೂ ಜಿಲ್ಲಾಡಳಿತದ ಅನುಮತಿ ಪತ್ರ ಕಡ್ಡಾಯ. ನಿಗದಿತ ನಮೂನೆಯಲ್ಲಿ ಸಂಬಂಧಪಟ್ಟ ಡೆಪ್ಯುಟಿ ಕಮಿಷನರ್ ಅವರಿಗೆ ಅರ್ಜಿ ಸಲ್ಲಿಸತಕ್ಕದ್ದು. ವಿಶೇಷ ಸಂದರ್ಭಗಳಲ್ಲಿ ಮಾತ್ರ ಇದನ್ನು ನೀಡಲಾಗುತ್ತದೆ. ಅನುಮತಿ ಕೈಸೇರುವ ಮುನ್ನ ಟಿಕೆಟ್ ಖರೀದಿಸುವುದು ಸೂಕ್ತವಲ್ಲ.

(ಇ) ಉತ್ತರ ಸೆಂಟಿನಲ್ ದ್ವೀಪ: ದ್ವೀಪಕ್ಕೂ ಅದರ ಸುತ್ತಲಿನ ಸಮುದ್ರಕ್ಕೂ ಪ್ರವೇಶ ನಿಷಿದ್ಧ. ಅಲ್ಲಿನ ಜನರು ಹೊರಗಿನ ಸಂಪರ್ಕವನ್ನು ಸ್ಪಷ್ಟವಾಗಿ ನಿರಾಕರಿಸಿದ್ದಾರೆ. 2018ರ ನವೆಂಬರ್‌ನಲ್ಲಿ ಅಕ್ರಮವಾಗಿ ದ್ವೀಪಕ್ಕಿಳಿದ ಅಮೆರಿಕದ ಪ್ರಜೆಯೊಬ್ಬರು ಸಾವಿಗೀಡಾದರು. 2025ರಲ್ಲಿ ಅಲ್ಲಿಗೆ ಹೋಗಿಬಂದ ಮತ್ತೊಬ್ಬ ಅಮೆರಿಕನ್ ಪ್ರಜೆಯನ್ನು ಪೊಲೀಸರು ಬಂಧಿಸಿದರು.

(ಈ) ವಿದೇಶಿ ಪ್ರಜೆಗಳು: ಇವರಿಗೆ ಪ್ರತ್ಯೇಕ ನಿಯಮಗಳಿವೆ. ವಿದೇಶದಲ್ಲಿ ನೆಲೆಸಿ ಅಲ್ಲಿನ ಪೌರತ್ವ ಪಡೆದಿರುವ ಕನ್ನಡಿಗ ಬಂಧುಗಳು ಸಾಗರೋತ್ತರ ಭಾರತೀಯ ನಾಗರಿಕ ಕಾರ್ಡ್ ಹೊಂದಿದ್ದರೂ ಕಾನೂನಿನ ದೃಷ್ಟಿಯಲ್ಲಿ ವಿದೇಶಿ ಪ್ರಜೆಗಳೇ ಆಗಿರುತ್ತಾರೆ. ಅವರು ಪ್ರಯಾಣಕ್ಕೆ ಮುನ್ನ ವಲಸೆ ಇಲಾಖೆಯಿಂದ ನಿಯಮಗಳನ್ನು ಖಚಿತಪಡಿಸಿಕೊಳ್ಳತಕ್ಕದ್ದು.

6. ಅಂಡಮಾನ್ ಟ್ರಂಕ್ ರಸ್ತೆ

ಶ್ರೀ ವಿಜಯ ಪುರಂನಿಂದ ಬಾರಾಟಾಂಗ್ ದ್ವೀಪದ ಸುಣ್ಣಕಲ್ಲಿನ ಗುಹೆಗಳು ಮತ್ತು ಕೆಸರು ಜ್ವಾಲಾಮುಖಿಯನ್ನು ನೋಡಲು ಹೋಗುವವರು ಸಾಮಾನ್ಯವಾಗಿ ಈ ರಸ್ತೆಯಲ್ಲಿ ಸಾಗುತ್ತಾರೆ. ಜಿರ್ಕಾಟಾಂಗ್ ತಪಾಸಣಾ ಠಾಣೆಯಿಂದ ಮಿಡಲ್ ಸ್ಟ್ರೇಟ್ ದೋಣಿಕಟ್ಟೆಯವರೆಗಿನ ಸುಮಾರು 50 ಕಿ.ಮೀ. ಭಾಗವು ಜಾರವಾ ಮೀಸಲು ಪ್ರದೇಶದ ಮೂಲಕ ಹಾದುಹೋಗುತ್ತದೆ. 2002ರಲ್ಲಿ ಸರ್ವೋಚ್ಚ ನ್ಯಾಯಾಲಯವು ಮೀಸಲು ಪ್ರದೇಶದಲ್ಲಿರುವ ಭಾಗವನ್ನು ಮುಚ್ಚುವಂತೆ ಆದೇಶಿಸಿತ್ತು. ಆದರೂ ಸಂಚಾರ ಮುಂದುವರಿದಿದೆ. 2012ರ ಜನವರಿಯಲ್ಲಿ ಪ್ರವಾಸಿಗರಿಗಾಗಿ ಜಾರವಾ ಮಹಿಳೆಯರನ್ನು ಕುಣಿಸಿದ ದೃಶ್ಯಾವಳಿ ಬಹಿರಂಗವಾದಾಗ ದೇಶದಾದ್ಯಂತ ಖಂಡನೆ ವ್ಯಕ್ತವಾಯಿತು.

ಈ ರಸ್ತೆಯಲ್ಲಿ ಪಾಲಿಸಬೇಕಾದ ನಿಯಮಗಳು:

• ವಾಹನಗಳು ನಿಗದಿತ ವೇಳೆಯಲ್ಲಿ, ಬೆಂಗಾವಲಿನೊಡನೆ ಸಾಲಾಗಿ ಮಾತ್ರ ಸಾಗತಕ್ಕದ್ದು.
• ಠಾಣೆಯಲ್ಲಿ ಪ್ರಯಾಣಿಕರ ವಿವರ ಹಾಗೂ ಗುರುತಿನ ಚೀಟಿಯ ಪ್ರತಿ ನೀಡತಕ್ಕದ್ದು.
• ಮಾರ್ಗಮಧ್ಯದಲ್ಲಿ ವಾಹನ ನಿಲ್ಲಿಸುವುದು, ಇಳಿಯುವುದು, ಮುಂದಿನ ವಾಹನವನ್ನು ಹಿಂದಿಕ್ಕುವುದು ನಿಷಿದ್ಧ.
• ಜಾರವಾ ಜನರ ಛಾಯಾಚಿತ್ರ ಅಥವಾ ವಿಡಿಯೋ ತೆಗೆಯುವುದು ಅಪರಾಧ.
• ಆಹಾರ, ಬಟ್ಟೆ, ಹಣ, ಹೊಗೆಸೊಪ್ಪು, ಮದ್ಯ ಯಾವುದನ್ನೂ ನೀಡತಕ್ಕದ್ದಲ್ಲ, ಕಸ ಎಸೆಯತಕ್ಕದ್ದಲ್ಲ.

ಜ್ವರ, ಕೆಮ್ಮು, ಮೈಮೇಲೆ ಗುಳ್ಳೆ ಇರುವವರು ಈ ಮಾರ್ಗದ ಪ್ರಯಾಣವನ್ನು ಮುಂದೂಡುವುದು ಒಳಿತು. ರಂಗತ್, ಡಿಗ್ಲಿಪುರ ಮೊದಲಾದ ಉತ್ತರದ ಸ್ಥಳಗಳಿಗೆ ಹಡಗಿನ ಮೂಲಕವೂ ಹೋಗಬಹುದು. ಸಮಯಾವಕಾಶವಿರುವವರು ಸಮುದ್ರಮಾರ್ಗವನ್ನೇ ಆರಿಸಿಕೊಂಡಲ್ಲಿ ಮೀಸಲು ಪ್ರದೇಶದ ಮೇಲಿನ ಹೊರೆ ಅಷ್ಟರಮಟ್ಟಿಗೆ ಕಡಿಮೆಯಾಗುತ್ತದೆ.

7. ಪ್ರಯಾಣ, ಋತು ಮತ್ತು ವೆಚ್ಚದ ಲೆಕ್ಕ

ಬೆಂಗಳೂರು, ಚೆನ್ನೈ, ಕೋಲ್ಕತ್ತ ಮೊದಲಾದ ನಗರಗಳಿಂದ ಶ್ರೀ ವಿಜಯ ಪುರಂಗೆ ವಿಮಾನ ಸೌಲಭ್ಯವಿದೆ. ಚೆನ್ನೈ, ಕೋಲ್ಕತ್ತ ಮತ್ತು ವಿಶಾಖಪಟ್ಟಣದಿಂದ ಪ್ರಯಾಣಿಕ ಹಡಗುಗಳಿವೆ. ಚೆನ್ನೈನಿಂದ ಸಮುದ್ರಮಾರ್ಗದ ದೂರ ಸುಮಾರು 1,190 ಕಿ.ಮೀ. ಇದ್ದು, ಪ್ರಯಾಣಕ್ಕೆ ಸುಮಾರು ಮೂರು ದಿನ ಬೇಕಾಗುತ್ತದೆ.

ನೈಋತ್ಯ ಮತ್ತು ಈಶಾನ್ಯ ಮಾನ್ಸೂನ್‌ಗಳೆರಡೂ ಇಲ್ಲಿ ಮಳೆ ತರುತ್ತವೆ. ವಾರ್ಷಿಕ ಮಳೆ ಸುಮಾರು 3,000 ಮಿ.ಮೀ. ಡಿಸೆಂಬರ್ ಕೊನೆಯಿಂದ ಏಪ್ರಿಲ್‌ವರೆಗೆ ಸಮುದ್ರ ಸಾಮಾನ್ಯವಾಗಿ ಶಾಂತವಾಗಿರುತ್ತದೆ. ಹವಾಮಾನ ಕೆಟ್ಟಲ್ಲಿ ದ್ವೀಪಗಳ ನಡುವಿನ ಹಡಗುಗಳು ಯಾವುದೇ ಋತುವಿನಲ್ಲಿ ರದ್ದಾಗಬಹುದು. ಆದ್ದರಿಂದ ಹಿಂದಿರುಗುವ ವಿಮಾನದ ಹಿಂದಿನ ದಿನವನ್ನು ಶ್ರೀ ವಿಜಯ ಪುರಂನಲ್ಲಿಯೇ ಕಳೆಯುವಂತೆ ಯೋಜಿಸುವುದು, ಕನಿಷ್ಠ ಎರಡು ದಿನಗಳ ಹೆಚ್ಚುವರಿ ವಸತಿ ಮತ್ತು ಊಟದ ವೆಚ್ಚವನ್ನು ಅಂದಾಜಿನಲ್ಲಿ ಸೇರಿಸಿಕೊಳ್ಳುವುದು ಯುಕ್ತ. ಸಣ್ಣ ದ್ವೀಪಗಳಲ್ಲಿ ನಗದು ಹಣವೇ ಹೆಚ್ಚು ಉಪಯುಕ್ತ. ನಿತ್ಯ ಸೇವಿಸುವ ಔಷಧಗಳನ್ನು ಪ್ರವಾಸದ ಅವಧಿಗಿಂತ ಕೆಲವು ದಿನ ಹೆಚ್ಚಿಗೆ ಒಯ್ಯತಕ್ಕದ್ದು. ಈ ದ್ವೀಪಗಳು ಪೂರ್ವಕ್ಕಿರುವುದರಿಂದ ಸೂರ್ಯಾಸ್ತ ಬೇಗನೆ ಆಗುತ್ತದೆ; ಹೊರಾಂಗಣ ಕಾರ್ಯಕ್ರಮಗಳನ್ನು ಬೆಳಿಗ್ಗೆ ಬೇಗ ಆರಂಭಿಸುವುದು ಅನುಕೂಲಕರ.

8. ನೋಡಬಹುದಾದ ಸ್ಥಳಗಳು

ಮೂಲನಿವಾಸಿ ಸಂಸ್ಕೃತಿಯನ್ನು ಅರಿಯಲು ಇಚ್ಛಿಸುವವರು ಶ್ರೀ ವಿಜಯ ಪುರಂನಲ್ಲಿರುವ, ಭಾರತೀಯ ಮಾನವಶಾಸ್ತ್ರ ಸರ್ವೇಕ್ಷಣಾ ಸಂಸ್ಥೆಯ ವಸ್ತುಸಂಗ್ರಹಾಲಯಕ್ಕೆ ಅವಶ್ಯವಾಗಿ ಭೇಟಿ ನೀಡಬೇಕು. ದೋಣಿ, ಬಿಲ್ಲು ಬಾಣ, ಬುಟ್ಟಿ, ವಸತಿಗಳ ಮಾದರಿಗಳನ್ನು ಅಲ್ಲಿ ಸಾವಧಾನವಾಗಿ ನೋಡಬಹುದು. ಓಡುವ ವಾಹನದ ಕಿಟಕಿಯಿಂದ ಇಣುಕುವವರಿಗೆ ತಿಳಿಯದಷ್ಟು ಸಂಗತಿ ಇಲ್ಲಿ ಒಂದು ಗಂಟೆಯಲ್ಲಿ ತಿಳಿಯುತ್ತದೆ. 1906ರಲ್ಲಿ ಪೂರ್ಣಗೊಂಡ ಸೆಲ್ಯುಲರ್ ಜೈಲು ಇದೇ ನಗರದಲ್ಲಿರುವ ರಾಷ್ಟ್ರೀಯ ಸ್ಮಾರಕ.

ನಿಸರ್ಗಪ್ರಿಯರಿಗೆ ವಂಡೂರಿನ ಮಹಾತ್ಮ ಗಾಂಧಿ ಸಾಗರ ರಾಷ್ಟ್ರೀಯ ಉದ್ಯಾನ ಪ್ರಮುಖ ತಾಣ. 1983ರಲ್ಲಿ ಸ್ಥಾಪಿತವಾದ ಈ ಉದ್ಯಾನದ ಜಾಲಿ ಬಾಯ್ ಮತ್ತು ರೆಡ್ ಸ್ಕಿನ್ ದ್ವೀಪಗಳನ್ನು ಋತುಮಾನಕ್ಕನುಗುಣವಾಗಿ ಸರದಿಯಂತೆ ತೆರೆಯಲಾಗುತ್ತದೆ. ಅರಣ್ಯ ಇಲಾಖೆಯ ಅನುಮತಿ ಅಗತ್ಯ, ಪ್ಲಾಸ್ಟಿಕ್ ಒಯ್ಯುವಂತಿಲ್ಲ. ಉತ್ತರದ ಡಿಗ್ಲಿಪುರದ ಬಳಿ ಅಂಡಮಾನ್ ಗುಂಪಿನ ಅತಿ ಎತ್ತರದ ಸ್ಯಾಡಲ್ ಶಿಖರ (732 ಮೀ.) ಮತ್ತು ಕಡಲಾಮೆಗಳು ಮೊಟ್ಟೆಯಿಡುವ ಕಾಲಿಪುರ ತೀರ ಇವೆ. ಉಪ್ಪುನೀರಿನ ಮೊಸಳೆಗಳಿರುವ ಕಡೆ ಎಚ್ಚರಿಕೆ ಫಲಕಗಳನ್ನು ಉಲ್ಲಂಘಿಸಿ ನೀರಿಗಿಳಿಯತಕ್ಕದ್ದಲ್ಲ. ಹವಳವನ್ನು ಸಂಗ್ರಹಿಸುವುದು ವನ್ಯಜೀವಿ (ಸಂರಕ್ಷಣೆ) ಕಾಯಿದೆ, 1972ರಡಿ ಅಪರಾಧ.

9. ಪದೇ ಪದೇ ಕೇಳಲಾಗುವ ಪ್ರಶ್ನೆಗಳು

ಪ್ರಶ್ನೆ: ಜಾರವಾ ಜನರನ್ನು ತೋರಿಸುವುದಾಗಿ ಪ್ರವಾಸಿ ಮಧ್ಯವರ್ತಿಯೊಬ್ಬರು ಹೇಳುತ್ತಾರೆ. ಒಪ್ಪಬಹುದೇ?
ಉತ್ತರ: ಒಪ್ಪತಕ್ಕದ್ದಲ್ಲ. ಅಂತಹ ಆಶ್ವಾಸನೆಯೇ ಕಾನೂನಿಗೆ ವಿರುದ್ಧ. ಸ್ಥಳೀಯ ಪೊಲೀಸರಿಗೆ ತಿಳಿಸಬಹುದು.

ಪ್ರಶ್ನೆ: ರಸ್ತೆಬದಿಯಲ್ಲಿ ಮಕ್ಕಳು ಕೈಚಾಚಿದರೆ ಬಿಸ್ಕತ್ತು ನೀಡುವುದು ಮಾನವೀಯತೆಯಲ್ಲವೇ?
ಉತ್ತರ: ಕಾಡು ಮತ್ತು ಕಡಲಿನಿಂದ ತಮ್ಮ ಆಹಾರವನ್ನು ತಾವೇ ಪಡೆಯುವ ಜನರಿವರು. ರಸ್ತೆಬದಿಯ ದಾನವು ಅವರನ್ನು ಬೇಡುವ ಅಭ್ಯಾಸಕ್ಕೂ ಸೋಂಕಿಗೂ ಒಡ್ಡುತ್ತದೆ. ನೀಡದಿರುವುದೇ ಇಲ್ಲಿ ಉಪಕಾರ.

ಪ್ರಶ್ನೆ: ಲಿಟಲ್ ಅಂಡಮಾನ್‌ಗೆ ಹೋಗಬಹುದೇ?
ಉತ್ತರ: ಹಟ್ ಬೇ ಪ್ರದೇಶಕ್ಕೆ ಹೋಗಬಹುದು. ಓಂಗೆ ಜನರು ವಾಸಿಸುವ ಡುಗಾಂಗ್ ಕ್ರೀಕ್ ಮೊದಲಾದ ಮೀಸಲು ಭಾಗಗಳಿಗೆ ಪ್ರವೇಶವಿಲ್ಲ.

10. ಸೂಚನೆ

ಹಡಗಿನ ವೇಳಾಪಟ್ಟಿ, ಶುಲ್ಕ ಮತ್ತು ತೆರೆದಿರುವ ಸ್ಥಳಗಳ ವಿವರಗಳು ಕಾಲಕಾಲಕ್ಕೆ ಬದಲಾಗುವುದರಿಂದ, ಹೊರಡುವ ಮುನ್ನ ಅಂಡಮಾನ್ ಮತ್ತು ನಿಕೋಬಾರ್ ಆಡಳಿತದ ಸಂಬಂಧಿತ ಇಲಾಖೆಗಳಿಂದ ಖಚಿತಪಡಿಸಿಕೊಳ್ಳತಕ್ಕದ್ದು. ಎಲ್ಲಿಗೆ ಹೋಗಬೇಕು ಎಂಬ ಪಟ್ಟಿಯ ಜೊತೆಗೆ ಎಲ್ಲಿಗೆ ಹೋಗಬಾರದು ಎಂಬ ಪಟ್ಟಿಯನ್ನೂ ಸಿದ್ಧಪಡಿಸಿಕೊಂಡು ಹೊರಡುವ ನಾಗರಿಕರ ಪ್ರವಾಸವು ಅವರಿಗೂ ದ್ವೀಪವಾಸಿಗಳಿಗೂ ಸುಖಕರವಾಗುತ್ತದೆ.