ಮಾಡಿನ ಮೇಲಣ ಚಿರಜೀವಿ

ಯುರೋಪಿನ ಆಲ್ಪ್ಸ್, ಪಿರೆನೀಸ್ ಪರ್ವತಗಳ ಎತ್ತರದ ಹುಲ್ಲುಗಾವಲುಗಳಲ್ಲಿ, ಬಂಡೆಗಳ ಸಂದಿನಲ್ಲಿ, ರಸಭರಿತವಾದ ದಪ್ಪ ಎಲೆಗಳ ಗಿಡವೊಂದು ಬೆಳೆಯುತ್ತದೆ. ತಾವರೆಯ ದಳಗಳಂತೆ ಚಕ್ರಾಕಾರವಾಗಿ ನೆಲಕ್ಕೊತ್ತಿಕೊಂಡಿರುವ ಆ ಎಲೆಗಳು ನೀರನ್ನು ತಮ್ಮೊಳಗೆ ಕೂಡಿಟ್ಟುಕೊಂಡು ಬರವನ್ನೂ ಹಿಮವನ್ನೂ ಸಹಿಸುವುವು. ಆದುದರಿಂದಲೇ ಲ್ಯಾಟಿನ್ ಭಾಷೆಯಲ್ಲಿ ಇದಕ್ಕೆ 'ಸೆಂಪರ್‌ವೀವಮ್', ಅರ್ಥಾತ್ 'ಸದಾ ಜೀವಿಸುವುದು' ಎಂಬ ಹೆಸರು.

ಈ ಪರ್ವತವಾಸಿಯು ಬಯಲುಸೀಮೆಯ ಮನೆಗಳ ಮಾಡನ್ನೇರಿದ ವೃತ್ತಾಂತವು ವಿಚಿತ್ರವಾದುದು. ಕ್ರಿ. ಶ. 800ರ ಸುಮಾರಿಗೆ, ಫ್ರಾಂಕರ ದೊರೆ ಶಾರ್ಲಮೇನನದೆಂದು ಪ್ರಸಿದ್ಧವಾದ, ರಾಜಾಸ್ತಿಗಳ ಆಡಳಿತವನ್ನು ಕುರಿತ ಶಾಸನವೊಂದು ಹೊರಟಿತು. ಅದರ 70ನೆಯ ಪ್ರಕರಣವು ತೋಟದಲ್ಲಿ ಬೆಳೆಸತಕ್ಕ ಮೂಲಿಕೆಗಳನ್ನೆಲ್ಲ ಹೆಸರಿಸಿದ ಬಳಿಕ, ತೋಟಗಾರನು ತನ್ನ ಮನೆಯ ಮೇಲೆ 'ಜೂಪಿಟರನ ಗಡ್ಡ'ವನ್ನು ಇರಿಸಿಕೊಳ್ಳಬೇಕೆಂದು ವಿಧಿಸುತ್ತದೆ. ಈ ಗಿಡವೇ ಅದು. ಜೂಪಿಟರನು ಸಿಡಿಲಿನೊಡೆಯ, ಆತನ ಹೆಸರೂ ವೇದದ 'ದ್ಯೌಷ್ಪಿತಾ' ಎಂಬುದೂ ಒಂದೇ ಮೂಲದವೆಂಬುದನ್ನು ಸಂಸ್ಕೃತಜ್ಞರು ಬಲ್ಲರು. ಆ ಗಡ್ಡವಿರುವ ಮನೆಗೆ ಸಿಡಿಲು ಬಡಿಯದೆಂದು ಜನರ ನಂಬಿಕೆ. 772ರಲ್ಲಿ ಸ್ಯಾಕ್ಸನರ ಪೂಜಾಸ್ತಂಭವನ್ನು ಕೆಡವಿಸಿದ ಕ್ರೈಸ್ತ ದೊರೆಯೇ ಹಳೆಯ ದೇವರ ಗಡ್ಡಕ್ಕೆ ಮಾಡಿನ ಮೇಲೆ ಎಡೆಗೊಟ್ಟುದು ಸೋಜಿಗವಲ್ಲವೆ! ಗುಡುಗಿದಾಗ ಮತಕ್ಕಿಂತ ಮಾಡಿನ ಚಿಂತೆಯೇ ಮಿಗಿಲಾಗಿದ್ದಿರಬೇಕು.

ಸಿಡಿಲೂ ವಿದ್ಯುತ್ತೇ ಎಂದು ಪ್ರಯೋಗದಿಂದ ಸಿದ್ಧವಾದುದು 1752ರಲ್ಲಿ. ಮರುವರ್ಷವೇ ಸ್ವೀಡನ್ನಿನ ಲಿನೇಯಸನು ಗಿಡಕ್ಕೆ 'ಸೆಂಪರ್‌ವೀವಮ್ ಟೆಕ್ಟೋರಮ್', ಎಂದರೆ 'ಮಾಡುಗಳ ಚಿರಜೀವಿ' ಎಂದು ಶಾಸ್ತ್ರೀಯ ನಾಮವನ್ನಿತ್ತನು. ಜನ್ಮಭೂಮಿಯಾದ ಪರ್ವತವು ಹೆಸರಿನಿಂದ ಬಿಟ್ಟೇಹೋಯಿತು.

'ಚಿರಜೀವಿ' ಎಂಬುದೂ ಅರ್ಧಸತ್ಯವೇ. ಕೆಲವು ವರ್ಷ ಬೆಳೆದ ಎಲೆಚಕ್ರವು ಒಮ್ಮೆ ನಸುಗೆಂಪು ಹೂಗಳನ್ನು ತಳೆದು ಸತ್ತುಹೋಗುತ್ತದೆ. ಸುತ್ತಲೂ ಹುಟ್ಟಿದ ಮರಿಗಳು ಆ ಎಡೆಯನ್ನು ತುಂಬಿಕೊಳ್ಳುತ್ತವೆ.