ಮುದಿ ಬೆಕ್ಕಿನ ತಟ್ಟೆ

ನಮ್ಮ ಗಾದೆಗಳನ್ನೇ ನಂಬಿದರೆ ಬೆಕ್ಕು ಹಾಲು ಕುಡಿದು ಬದುಕುವ ಪ್ರಾಣಿ. ಕಣ್ಣು ಮುಚ್ಚಿ ಹಾಲು ಕುಡಿಯುವುದು ಅದೇ. ಇಲಿಗೆ ಪ್ರಾಣಸಂಕಟವಾದಾಗ ಚೆಲ್ಲಾಟವಾಡುವುದೂ ಅದೇ. ಈ ಎರಡು ಮಾತುಗಳ ನಡುವೆ ಬೆಕ್ಕಿನ ಚರಿತ್ರೆಯ ಬಹುಪಾಲು ಅಡಗಿದೆ. ಹಾಲು ನಾವು ಕೊಟ್ಟದ್ದು, ಇಲಿ ಅದು ದುಡಿದು ತಿಂದದ್ದು. ಇಲಿ ಹಿಡಿಯುವ ಶಕ್ತಿ ಹೋದ ಮೇಲೆ ಅದು ಏನು ತಿನ್ನಬೇಕು ಎಂಬುದನ್ನು ಮಾತ್ರ ಈ ಗಾದೆಗಳು ಹೇಳುವುದಿಲ್ಲ.

ಸೂರಗೊಂಡನಕೊಪ್ಪದ ನಮ್ಮ ಮನೆಯಲ್ಲಿ ಚುಕ್ಕಿ ಎಂಬ ಬೆಕ್ಕಿಗೆ ಹದಿನೈದು ತುಂಬಿದ ವರ್ಷ ಈ ಪ್ರಶ್ನೆ ನನ್ನೆದುರು ಬಂತು. ತಟ್ಟೆಯ ಹತ್ತಿರ ಬರುವುದು, ಮೂಸುವುದು, ಹಿಂದಕ್ಕೆ ಸರಿದು ಕೂರುವುದು. ಹಸಿವಿಲ್ಲದೆ ಅಲ್ಲ, ಹಸಿದೇ ತಟ್ಟೆಗೆ ಬರುತ್ತಿತ್ತು. ಬೆನ್ನಿನ ಮೂಳೆ ಕೈಗೆ ಸಿಗತೊಡಗಿತ್ತು.

ಬೆಕ್ಕು ಮನುಷ್ಯನ ಬಳಿಗೆ ಬಂದದ್ದು ಧಾನ್ಯದ ದಾರಿಯಲ್ಲಿ. ಸೈಪ್ರಸ್ ದ್ವೀಪದಲ್ಲಿ ಸುಮಾರು 9,500 ವರ್ಷಗಳ ಹಿಂದಿನ ಒಂದು ಸಮಾಧಿಯಲ್ಲಿ ಮನುಷ್ಯನ ಪಕ್ಕದಲ್ಲೇ ಬೆಕ್ಕನ್ನು ಹೂಳಿದ್ದುದು 2004ರಲ್ಲಿ ಪ್ರಕಟವಾಯಿತು. ಬೇಸಾಯ ಕಲಿತವನು ಕಾಳು ಕೂಡಿಟ್ಟ. ಕಾಳಿಗೆ ಇಲಿ ಬಂತು. ಇಲಿಯ ಹಿಂದೆ ಬೆಕ್ಕು ಬಂತು. ನಮ್ಮ ಸೀಮೆಯ ಹಗೇವು, ಕಣಜ, ವಾಡೆಗಳ ಸುತ್ತ ನಡೆದದ್ದೂ ಇದೇ ಕತೆ.

ನಮ್ಮ ಊರಿಗೂ ಧಾನ್ಯಕ್ಕೂ ಹಳೆಯ ನಂಟಿದೆ. ಸಂತ ಸೇವಾಲಾಲರು 1739ರಲ್ಲಿ ಹುಟ್ಟಿದ ಸ್ಥಳವೆಂದು ಬಂಜಾರರು ಈ ಊರನ್ನು ಪೂಜಿಸುತ್ತಾರೆ. ಫೆಬ್ರವರಿಯ ಜಾತ್ರೆಗೆ ದೂರದ ತಾಂಡಾಗಳಿಂದ ಜನ ಬಂದು ಸೇವಾಲಾಲರಿಗೂ ಮರಿಯಮ್ಮನಿಗೂ ನಡೆದುಕೊಳ್ಳುತ್ತಾರೆ. ಈ ಜನರ ಹಿರಿಯರು ಎತ್ತುಗಳ ಮೇಲೆ ಕಾಳು, ಉಪ್ಪು ಹೇರಿಕೊಂಡು ದಖ್ಖನ್ನಿನ ಉದ್ದಗಲಕ್ಕೂ ನಡೆದವರು. 1791-92ರಲ್ಲಿ ಕಾರ್ನ್‌ವಾಲಿಸನ ದಂಡು ಶ್ರೀರಂಗಪಟ್ಟಣದ ಮೇಲೆ ಬಂದಾಗ ಅದರ ಹೊಟ್ಟೆ ತುಂಬಿಸಿದ್ದರಲ್ಲಿ ಬಂಜಾರರ ಎತ್ತುಗಳ ಪಾಲು ದೊಡ್ಡದು. ರೈಲು ಬಂದ ಮೇಲೆ ಆ ವ್ಯಾಪಾರ ಕುಸಿಯಿತು. ಕಾಳು ಎತ್ತಿನ ಬೆನ್ನಿನಿಂದ ರೈಲಿನ ಡಬ್ಬಿಗೆ ಏರಿತು. ಇಲಿಯೂ ಜೊತೆಗೆ ಏರಿತು.

ಆ ಇಲಿಯ ಜೊತೆಯಲ್ಲೇ ಪ್ಲೇಗು ಬಂತು. 1898ರಲ್ಲಿ ಹುಬ್ಬಳ್ಳಿ, ಬೆಂಗಳೂರುಗಳು ತತ್ತರಿಸಿದವು. ಬೆಂಗಳೂರಿನಲ್ಲಿ ಪ್ಲೇಗಮ್ಮನ ಗುಡಿಗಳು ಎದ್ದವು. ಅದೇ ವರ್ಷ ಪಾಲ್ ಲೂಯಿ ಸಿಮೊಂಡ್ ಎಂಬ ಫ್ರೆಂಚ್ ವೈದ್ಯ ಇಲಿಯ ಚಿಗಟದಿಂದ ರೋಗ ದಾಟುತ್ತದೆಂದು ತೋರಿಸಿದ. ಹತ್ತು ವರ್ಷ ಕಳೆದು, 1908ರಲ್ಲಿ, ಭಾರತದಲ್ಲಿದ್ದ ಆಂಡ್ರೂ ಬುಕಾನನ್ ಎಂಬ ಸರಕಾರಿ ವೈದ್ಯಾಧಿಕಾರಿ, ಬೆಕ್ಕು ಸಾಕಿದ ಹಳ್ಳಿಗೆ ಪ್ಲೇಗಿನ ಕಾಟ ಕಡಿಮೆ ಎಂದು ವಾದಿಸಿ ಬರೆದ. ಬೆಕ್ಕಿಗೆ ಸಿಕ್ಕ ಸರಕಾರಿ ಮನ್ನಣೆ ಇಷ್ಟು. ಅದೂ ಅದರ ಹಲ್ಲು ಉಗುರು ಗಟ್ಟಿಯಾಗಿದ್ದ ಕಾಲಕ್ಕೆ.

ಕನ್ನಡದಲ್ಲಿ ಪಶುವೈದ್ಯಕ್ಕೆ ಕೊರತೆಯಿರಲಿಲ್ಲ. ಚಾಲುಕ್ಯರ ಮನೆತನದ ಕೀರ್ತಿವರ್ಮ ಹನ್ನೆರಡನೆಯ ಶತಮಾನದಲ್ಲೇ ‘ಗೋವೈದ್ಯ’ ಬರೆದ. ಕುದುರೆಯ ಶಾಸ್ತ್ರಗಳೂ ಹುಟ್ಟಿದವು. ಹಸು ಹಾಲು ಕೊಡುತ್ತದೆ, ಕುದುರೆ ಯುದ್ಧಕ್ಕೆ ಹೋಗುತ್ತದೆ. ಬೆಕ್ಕು ಕತೆಗೆ ಸಿಕ್ಕಿತು. ಆ ಕತೆಗಳಲ್ಲಿ ಒಂದನ್ನು ನಾವೆಲ್ಲ ಬಾಲ್ಯದಲ್ಲೇ ಕೇಳಿದ್ದೇವೆ. ವಿಜಯನಗರದಲ್ಲಿ ಇಲಿಗಳು ಹೆಚ್ಚಾದವಂತೆ. ಕೃಷ್ಣದೇವರಾಯ ಮನೆಗೊಂದು ಬೆಕ್ಕು, ಅದರ ಹಾಲಿಗೊಂದು ಹಸು ಕೊಟ್ಟನಂತೆ. ತೆನಾಲಿ ರಾಮಕೃಷ್ಣ ಕುದಿಯುವ ಹಾಲಿಟ್ಟ. ಬಾಯಿ ಸುಟ್ಟುಕೊಂಡ ಬೆಕ್ಕು ಆಮೇಲೆ ಹಾಲು ಕಂಡರೆ ಓಡಿತು. ನಾವು ನಗುವುದು ರಾಮಕೃಷ್ಣನ ಜಾಣತನಕ್ಕೆ. ಬಡಕಲಾದ ಆ ಬೆಕ್ಕಿನ ಕಡೆಯಿಂದ ನೋಡಿದರೆ ಇದು ನಗುವ ಕತೆಯಲ್ಲ, ವೈದ್ಯರ ಪಾಠ. ಒಮ್ಮೆ ನೋವಿನ ಜೊತೆ ಬಂದ ಆಹಾರವನ್ನು ಬೆಕ್ಕು ಬಹಳ ಕಾಲ ಮರೆಯುವುದಿಲ್ಲ. ಕಾಯಿಲೆಯ ಬೆಕ್ಕನ್ನು ಹಿಡಿದು ಬಾಯಿಗೆ ತುರುಕಬೇಡಿ ಎಂದು ಇಂದಿನ ವೈದ್ಯರು ಹೇಳುವುದೂ ಇದೇ ಕಾರಣಕ್ಕೆ.

ಚುಕ್ಕಿಯನ್ನು ಚೀಲದಲ್ಲಿ ಕೂರಿಸಿಕೊಂಡು ಶಿವಮೊಗ್ಗಕ್ಕೆ ಒಯ್ದೆವು. ತೂಕ ಎರಡು ಕಿಲೋ ಏಳುನೂರು ಗ್ರಾಂ. ವೈದ್ಯರು ಮೊದಲು ಬಾಯಿ ತೆರೆದು ನೋಡಿದರು: ಎರಡು ದವಡೆ ಹಲ್ಲು ಹುಳುಕಾಗಿ ವಸಡು ಬಾತಿತ್ತು. ರಕ್ತಪರೀಕ್ಷೆಯಲ್ಲಿ ಮೂತ್ರಪಿಂಡ ಸೋತಿರುವುದು ಗೊತ್ತಾಯಿತು. ಮುದಿ ಬೆಕ್ಕು ಉಣ್ಣದಿದ್ದರೆ ಅದನ್ನು ಜಂಬವೆಂದು ತಿಳಿಯಬಾರದು, ಹಲ್ಲು, ಮೂತ್ರಪಿಂಡ, ಥೈರಾಯ್ಡ್ ಇವನ್ನು ನೋಡಬೇಕು ಎಂದರು. ಎರಡು ಮೂರು ದಿನ ಏನೂ ತಿನ್ನದೆ ಉಳಿದರೆ ಮೈಯ ಕೊಬ್ಬೆಲ್ಲ ಪಿತ್ತಜನಕಾಂಗಕ್ಕೆ ನುಗ್ಗಿ ಪ್ರಾಣಕ್ಕೇ ಸಂಚಕಾರವಂತೆ. ದಪ್ಪ ಬೆಕ್ಕಿಗೆ ಈ ಅಪಾಯ ಇನ್ನೂ ಹೆಚ್ಚು.

ಹಾಲು ಅನ್ನ, ಹಾಲಿನಲ್ಲಿ ನೆನೆಸಿದ ರೊಟ್ಟಿ, ಇವು ನಮ್ಮ ಮನೆಗಳ ವಾಡಿಕೆ. ಇಷ್ಟರಲ್ಲೇ ಬೆಕ್ಕುಗಳು ಬದುಕಿದ್ದವಲ್ಲ ಎಂದು ಕೇಳಬಹುದು. ಬದುಕಿದ್ದವು, ಉಳಿದದ್ದನ್ನು ಅಟ್ಟದ ಮೇಲಿನ ಇಲಿ ಕೊಡುತ್ತಿತ್ತು. ಬೆಕ್ಕಿಗೆ ಟಾರಿನ್ ಎಂಬ ಪದಾರ್ಥ ಬೇಕೇ ಬೇಕು. ಅದು ಮಾಂಸ ಮೀನುಗಳಲ್ಲಿದೆ, ಅನ್ನ ರೊಟ್ಟಿಗಳಲ್ಲಿಲ್ಲ. ಅದಿಲ್ಲದೆ ಕಣ್ಣು ಹೋಗುತ್ತದೆಂದು 1975ರಲ್ಲಿ, ಹೃದಯವೂ ಸೋಲುತ್ತದೆಂದು 1987ರಲ್ಲಿ ಅಮೆರಿಕದ ವಿಜ್ಞಾನಿಗಳು ತೋರಿಸಿದರು. ಬೆಕ್ಕಿನ ನಾಲಗೆಗೆ ಸಿಹಿಯೇ ತಿಳಿಯದೆಂಬ ಕಾರಣ 2005ರಲ್ಲಿ ಗೊತ್ತಾಯಿತು: ಸಿಹಿ ಗುರುತಿಸುವ ಜೀನು ಅದರಲ್ಲಿ ಕೆಟ್ಟಿದೆ. ಬಹಳಷ್ಟು ದೊಡ್ಡ ಬೆಕ್ಕುಗಳಿಗೆ ಹಾಲು ಅರಗುವುದೂ ಇಲ್ಲ.

ಇಲ್ಲಿ ನಮ್ಮ ಮನೆಯ ತೊಡಕು ಎದುರಾಯಿತು. ನಮ್ಮಲ್ಲಿ ಮೀನು ಮಾಂಸ ಒಲೆ ಕಂಡಿಲ್ಲ. ಎಂಬತ್ತು ದಾಟಿದ ಅವ್ವನನ್ನು ಕೇಳಲು ನನಗೆ ಬಾಯಿ ಬರಲಿಲ್ಲ. ಅವಳೇ ಹೇಳಿದಳು: “ಅದರ ಹೊಟ್ಟೆ ಅದರದು, ನಮ್ಮ ಮಡಿ ನಮ್ಮದು. ಹಿತ್ತಲಾಗೆ ಬೇರೆ ಪಾತ್ರೇಲಿ ಬೇಯಿಸಿ ಹಾಕು ಮಗಾ.” ತಾಂಡಾದ ಹೆಣ್ಣುಮಗಳೊಬ್ಬಳು ಸಂತೆಯಿಂದ ಕೆರೆಮೀನು ತಂದು, ಮುಳ್ಳು ಬಿಡಿಸುವುದನ್ನು ತೋರಿಸಿಕೊಟ್ಟಳು. “ಉಪ್ಪು ಹಾಕಬ್ಯಾಡ್ರಿ ಮೇಷ್ಟ್ರೇ” ಎಂದಳು. ವೈದ್ಯರ ಮಾತೂ ಅದೇ ಆಗಿತ್ತು: ಉಪ್ಪು ಬೇಡ, ಈರುಳ್ಳಿ ಬೆಳ್ಳುಳ್ಳಿಯಂತೂ ರಕ್ತವನ್ನೇ ಕೆಡಿಸುತ್ತವೆ, ಸಾರಿನ ರೂಪದಲ್ಲೂ ಬೇಡ, ಮನುಷ್ಯರ ಪ್ಯಾರಾಸಿಟಮಾಲ್ ಅದಕ್ಕೆ ವಿಷ.

ಹಲ್ಲು ಕೀಳಿಸಿ ನೋವು ಇಳಿದ ಮೇಲೆ ಊಟದ ಕ್ರಮ ಹೀಗಾಯಿತು. ದಿನಕ್ಕೆ ಆರು ಸಲ, ಒಂದೊಂದು ಚಮಚ. ಮೂರು ಕಿಲೋ ಬೆಕ್ಕಿಗೆ ದಿನಕ್ಕೆ ಸುಮಾರು 150ರಿಂದ 200 ಕ್ಯಾಲೊರಿ ಬೇಕು. ಒಂದು ಬೆಂದ ಮೊಟ್ಟೆಯಲ್ಲಿ 70ರಷ್ಟಿದೆ. ಈ ಲೆಕ್ಕವನ್ನು ಅಡುಗೆಮನೆಯ ಗೋಡೆಗೆ ಅಂಟಿಸಿದೆವು. ಮೀನನ್ನು ನುಣ್ಣಗೆ ಮಸೆದು, ಬೇಯಿಸಿದ ನೀರನ್ನೂ ಚೆಲ್ಲದೆ ಬೆರೆಸಿದೆವು, ಏಕೆಂದರೆ ಟಾರಿನ್ ಆ ನೀರಿಗೆ ಇಳಿದಿರುತ್ತದೆ. ತಣ್ಣಗಿದ್ದರೆ ವಾಸನೆ ಏಳದು, ಮುದಿ ಮೂಗಿಗೆ ತಿಳಿಯದು. ಆದ್ದರಿಂದ ಕೈಗೆ ಹಿತವಾಗುವಷ್ಟು ಬಿಸಿ, ತೆನಾಲಿಯ ಹಾಲಿನಷ್ಟಲ್ಲ. ಹಿತ್ತಲ ಅಡುಗೆಯೊಂದೇ ಸಾಲದೆಂದು ವೈದ್ಯರು ಸೂಚಿಸಿದ ಡಬ್ಬಿಯ ಬೆಕ್ಕಿನ ಆಹಾರವನ್ನೂ ಕಲಸಿದೆವು. ಮೂತ್ರಪಿಂಡಕ್ಕೆ ಹೊಂದುವ ಪಥ್ಯ ಆಮೇಲೆ, ಮೊದಲು ಏನಾದರೂ ತಿನ್ನಲಿ ಎಂದಿದ್ದರು. ತಿನ್ನದಿದ್ದರೆ ತಟ್ಟೆ ಎತ್ತಿ ಅರ್ಧ ಗಂಟೆ ಬಿಟ್ಟು ಹೊಸದು ಇಡುವುದು. ಭಾನುವಾರಕ್ಕೊಮ್ಮೆ ತೂಕ. ಎರಡು ತಿಂಗಳಿಗೆ ಮುನ್ನೂರು ಗ್ರಾಂ ಏರಿತು. ಅದು ಇನ್ನೂ ಹನ್ನೊಂದು ತಿಂಗಳು ನಮ್ಮೊಡನೆ ಇತ್ತು. ಕೊನೆಯ ವಾರದವರೆಗೂ ತಾನಾಗಿಯೇ ತಟ್ಟೆಗೆ ಬಂತು.

ಈಗ ನಮ್ಮ ಸುತ್ತ ಮೆಕ್ಕೆಜೋಳದ ರಾಶಿ. ಇಲಿಗೆ ಪಾಷಾಣವಿಡುತ್ತಾರೆ, ಪಾಷಾಣ ತಿಂದ ಇಲಿಯನ್ನು ತಿಂದು ಬೆಕ್ಕೂ ಸಾಯುವುದುಂಟು. ಹಗೇವುಗಳು ಮುಚ್ಚಿಹೋದವು. ಹಿಂದೆ ಬೆಕ್ಕಿಗೆ ವಯಸ್ಸಾದರೆ ಅದು ಎಲ್ಲಿಗೋ ಹೋಯಿತು ಎನ್ನುತ್ತಿದ್ದರು. ಹೋದದ್ದು ಎಲ್ಲಿಗೂ ಅಲ್ಲ, ಯಾವುದೋ ಬೇಲಿಯ ಬುಡಕ್ಕೆ, ಹಸಿದುಕೊಂಡು. ಕಾಳು ಕಾಯುವ ಕೆಲಸ ಮುಗಿದ ಬೆಕ್ಕಿಗೂ ದಿನಕ್ಕೆ ಆರು ಚಮಚ ಅನ್ನದ ಹಕ್ಕಿದೆ ಎಂದು ಯಾವ ಶಾಸನದಲ್ಲಿ ಬರೆಯದಿದ್ದರೇನು, ಓದು ಬರಹ ಬಾರದ ಅವ್ವನಿಗೆ ಅದು ಗೊತ್ತಿತ್ತು.